ಬೆಂಕಿಪೆಟ್ಟಿಗೆಯ ಅಡುಗೆಕೋಣೆ

"ಈ ಹೊಗೆ ಎಲ್ಲಿಗೆ ಹೋಗುವುದು, ಪಾಪ?"

ಕೇಳಿದ್ದು ಯಾರನ್ನೂ ಅಲ್ಲ. ನೆಕ್ರಾಜೆಯಲ್ಲಿ ಬೆಳಕು ಹರಿಯುವ ಹೊತ್ತು. ಜಗಲಿಯಲ್ಲಿ ಕುಳಿತ ಬಡಗಿ ಲೋಕನಾಥ ಆಚಾರಿಯವರು, ದೇವರ ಮುಂದೆ ಉರಿದು ಉಳಿದ ಊದುಬತ್ತಿಯ ತುಂಡನ್ನು ಅಂಗೈಯಗಲದ ಅಡುಗೆಕೋಣೆಯೊಳಗೆ ಇಳಿಸಿದ್ದಾರೆ. ಹೊಗೆ ಮಾಡಿಗೆ ತಾಗಿ, ಮೂಲೆಗೆ ಸರಿದು, ಅಲ್ಲೇ ಸುತ್ತುತ್ತದೆ. ಅವರು ಪಡುಗೋಡೆಯಲ್ಲಿ ಹಳೆಯ ಬ್ಲೇಡಿನಿಂದ ಒಂದು ಕಿಟಕಿ ಕೊರೆಯುತ್ತಾರೆ. ಹೊಗೆ ನೂಲಿನ ಹಾಗೆ ಹೊರಗೆ ಹೊರಡುತ್ತದೆ.

ಕಟ್ಟಬೇಕಾದ ಮನೆಯನ್ನು ಇವರು ಮೊದಲು ಕಸದಿಂದ ಪುಟ್ಟದಾಗಿ ಕಟ್ಟಿ ತೋರಿಸುತ್ತಾರೆ. ಗೋಡೆಗೆ ಖಾಲಿ ಬೆಂಕಿಪೆಟ್ಟಿಗೆ, ಮಾಡಿಗೆ ಅಡಿಕೆ ಹಾಳೆ, ಮಾಡು ಹೊರುವ ಪಕ್ಕಾಸಿಗೆ ಗುಡಿಸುವ ಹಿಡಿಸೂಡಿಯ ಕಡ್ಡಿ. ತೂತು ಕೊರೆಯುವುದು ಮುರಿದ ಕೊಡೆಯ ಕಡ್ಡಿಯಿಂದ. ಯುದ್ಧದ ಕಾಲದಲ್ಲಿ ಮೊಳೆ ಸಿಗದೆ ಲಿಂಬೆಮುಳ್ಳು ಹಿಡಿದವರು ಈಗಲೂ ಬಿಟ್ಟಿಲ್ಲ. "ಇವರಿಂದಾಗಿ ನನಗೆ ಅಂಗಡಿ ಗುಡಿಸುವ ಕೆಲಸವೇ ಇಲ್ಲ ಮಾರಾಯ್ರೆ" ಎಂದು ಕೆಳಗಿನ ಅಂಗಡಿಯ ಅಬ್ದುಲ್ಲ ನಗುತ್ತಾರೆ.

ಈ ಮನೆಗಳಲ್ಲಿ ಮನುಷ್ಯನೆಂದರೆ ಒಂದು ಬೆಂಕಿಕಡ್ಡಿ. ಒಲೆಯ ಮುಂದೆ ಮಾತ್ರ ತಲೆ ಸುಟ್ಟ ಕಡ್ಡಿ.

"ಗಂಡಸರಿಗೆ ಮನೆ ತೋರಿಸಲು ನೆಲದಲ್ಲಿ ಗೆರೆ ಎಳೆದರೆ ಸಾಕು," ಎನ್ನುತ್ತಾರೆ ಆಚಾರಿಯವರು. "ಒಲೆ ಊದುವವರು ಅಡುಗೆಕೋಣೆ ನೋಡುವುದು ಹೊಸ ಮನೆ ಹೊಗುವ ಒಕ್ಕಲಿನ ದಿನ. ಆಗ ಎಂತ ಹೇಳಿದರೂ ಕಲ್ಲು ಕೇಳುತ್ತದಾ?"

ಬಿಸಿಲೇರುವಾಗ ಮಂಗಲ್ಪಾಡಿಯಿಂದ ಮಹಾಬಲ ಶೆಟ್ಟರು ಬರುತ್ತಾರೆ, ಜೊತೆಗೆ ತಾಯಿ ಅಮ್ಮಣ್ಣಿ. ಕಟ್ಟಲಿರುವ ಮನೆ ಅವರದೇ. ಹಳೆಯ ಅಡುಗೆಕೋಣೆಯ ಹೊಗೆಗೆ ಅಮ್ಮಣ್ಣಿಯವರ ಕಣ್ಣು ಸದಾ ಒದ್ದೆ. ಸೆರಗಿನಿಂದ ಒರೆಸಿಕೊಂಡು ಬೆಂಕಿಪೆಟ್ಟಿಗೆಯ ಒಳಗೆ ಇಣುಕುತ್ತಾರೆ.

"ಈ ತಲೆ ಸುಟ್ಟದ್ದು ನಾನಾ, ಲೋಕನಾಥಾ?"

"ಹೌದಮ್ಮ."

"ಪೂರ್ತಿ ಸುಡಲಿಲ್ಲ, ನೋಡು!"

ಆಚಾರಿಯವರು ಊದುಬತ್ತಿ ಹಚ್ಚುತ್ತಾರೆ. ಕಿಟಕಿಯಿಂದ ಹೊರಟ ಹೊಗೆಗೆ ಅಮ್ಮಣ್ಣಿ ಕೈ ಒಡ್ಡುತ್ತಾರೆ, ಆರತಿ ತೆಗೆದುಕೊಳ್ಳುವ ಹಾಗೆ. ಮತ್ತೆ ನೀರು ಕುಡಿಯಲು ಒಳಗೆ ಹೋಗುತ್ತಾರೆ.

ಶೆಟ್ಟರು ದನಿ ತಗ್ಗಿಸುತ್ತಾರೆ. "ಆಚಾರ್ರೇ, ಆ ಕಿಟಕಿಯ ಬದಿಯಲ್ಲಿ ಮಾರ್ಗ ಉಂಟು. ಹೋಗಿಬರುವವರಿಗೆಲ್ಲ ನಮ್ಮ ಒಲೆ ಕಾಣುವುದು ಬೇಡ. ಕಿಟಕಿ ಇದರಲ್ಲಿ ಇರಲಿ, ಅಮ್ಮನ ಸಮಾಧಾನಕ್ಕೆ. ಮನೆಗೆ ಇಡಬೇಡಿ."

"ಎತ್ತರಕ್ಕೆ ಇಡುವ. ಮಾರ್ಗದಿಂದ ಕಾಣುವುದಿಲ್ಲ."

"ಬೇಡ ಅಂದೆನಲ್ಲ. ಬೇರೆ ಬಡಗಿಗಳು ಇಲ್ಲದೆ ನಿಮ್ಮಲ್ಲಿಗೆ ಬಂದದ್ದಲ್ಲ."

ಮಳೆಗಾಲ ಹತ್ತಿರ ಬಂತು. ಆಚಾರಿಯವರ ಕೈಯಲ್ಲಿ ಇದೊಂದೇ ಮನೆ. ಅವರು ಒಂದು ಲಿಂಬೆಮುಳ್ಳು ಆರಿಸಿ, ಕಿಟಕಿಯ ಸುತ್ತಿನ ದಾರಂದಕ್ಕೆ ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಾರೆ.

"ಇಲ್ಲ ಶೆಟ್ರೇ. ಅಮ್ಮ ನೋಡಿ ಆಯಿತು. ಇನ್ನು ಕಿಟಕಿ ಬಿಡಲು ಆಗುವುದಿಲ್ಲ."