ಹೆಗಲ ಮೇಲಿನ ಕೈ

ಕ್ಯಾಮೆರಾದ ಹಿಂದೆ ನಿಂತ ಪಾಂಡು ಮಾಮ ಮೊದಲು ಕೂಗುತ್ತಿದ್ದ ಮಾತು ಒಂದೇ: “ಕೈ ಎಲ್ಲದೆ?”

ಕುಮಟಾ ಪೇಟೆಯ ಅವರ ಸ್ಟುಡಿಯೋದಲ್ಲಿ ಯಾರೂ ಕೈ ಕಟ್ಟಿ ನಿಲ್ಲುವಂತಿರಲಿಲ್ಲ; ಕೈ ಪಕ್ಕದವರ ಹೆಗಲ ಮೇಲಿರಬೇಕು. ಗಂಡ ಹೆಂಡಿರ ನಡುವೆ ಜಾಗ ಕಂಡರೆ, “ನಡುವೆ ಎಂತ, ಬಸ್ಸು ಹೋಗೂಕಿದ್ಯಾ?” ಎಂದು ಗದರುತ್ತಿದ್ದರು.

ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ, ಸೈನ್ಯದಲ್ಲಿದ್ದ ನನ್ನ ಗಂಡನಿಗೆ ರಜೆ ಮುಗಿಯುವ ಮೊದಲೇ ಕರೆ ಬಂತು. ರೈಲಿಗೆ ಹೋಗುವ ದಾರಿಯಲ್ಲಿ ಸ್ಟುಡಿಯೋ ಹೊಕ್ಕೆವು. ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತೆ. ಸಮವಸ್ತ್ರದಲ್ಲಿದ್ದ ಅವರು ಹಿಂದೆ ಪರೇಡಿಗೆ ನಿಂತಂತೆ ನಿಂತರು.

“ಏ ಮಿಲಿಟ್ರಿ, ಕೈ ಎಲ್ಲದೆ? ಹೆಗಲ ಮೇಲಿಡು. ಹೆಂಡ್ತಿ ಅದು, ಬಾಂಬಲ್ಲ ಮಾರಾಯಾ!”

ಅವರು ನಕ್ಕರು. ಆ ನಗು ಫೋಟೋದಲ್ಲಿ ಹಾಗೇ ಬಂದಿದೆ.

ಅವರು ತಿರುಗಿ ಬಂದದ್ದು ಧ್ವಜ ಹೊದ್ದುಕೊಂಡು.

ಹದಿಮೂರನೆಯ ದಿನ ಹತ್ತಿರವಾದಾಗ ಅತ್ತೆ ನನ್ನನ್ನು ಸ್ಟುಡಿಯೋಗೆ ಕರೆದೊಯ್ದರು. “ಪಾಂಡಣ್ಣ, ಇದರಲ್ಲಿ ಮಗನೊಬ್ಬನನ್ನೇ ದೊಡ್ಡ ಮಾಡಿಕೊಡು. ಹಾರ ಹಾಕಬೇಕು.” ಮನೆಯಲ್ಲಿದ್ದ ಅವರ ಒಳ್ಳೆಯ ಫೋಟೋ ಎಂದರೆ ಅಂದು ತೆಗೆಸಿದ ಅದೊಂದೇ.

ಪಾಂಡು ಮಾಮ ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಕೈ ಇವ್ಳ ಹೆಗಲ ಮೇಲದೆ ಅಕ್ಕಾ. ಕತ್ತರಿ ಎಲ್ಲಿ ಹಾಕೂದು?”

“ಹಾಂಗಾರೆ ಪೂರ್ತಿ ದೊಡ್ಡ ಮಾಡು. ಅದಕ್ಕೇ ಹಾರ ಹಾಕ್ತೆ.”

“ಜೀವ ಇದ್ದವ್ರ ಫೋಟೋಕ್ಕೆ ಹಾರ ಹಾಕ್ತ್ಯಾ? ಸೊಸೆ, ಮೊಮ್ಮಗಳು ಅದ್ರಲ್ಲೇ ಕೂತವ್ರೆ.”

ಆಮೇಲೆ ಪಾಂಡು ಮಾಮ ನನ್ನತ್ತ ತಿರುಗಿ, “ತಂಗಿ, ನೀ ಹೇಳು. ಎಂತ ಮಾಡೂದು?” ಎಂದರು. ಆ ದಿನಗಳಲ್ಲಿ ನನ್ನನ್ನು ಏನಾದರೂ ಕೇಳಿದವರು ಅವರೊಬ್ಬರೇ.

“ಕೈ ಅಲ್ಲೇ ಇರಲಿ,” ಎಂದೆ.

“ಆತು.”

ನಮ್ಮ ಗೋಡೆಯ ಮೇಲೆ ಆ ಫೋಟೋ ಹಾರವಿಲ್ಲದೆ ಇದೆ. ಅತ್ತೆ ಬದುಕಿದ್ದಷ್ಟು ಕಾಲ ಅದರ ಕೆಳಗೆ ದೀಪವನ್ನಷ್ಟೇ ಹಚ್ಚಿದರು. ಮಗಳು ಮದುವೆಯಾಗಿ ಹೊನ್ನಾವರಕ್ಕೆ ಹೋದಳು. ನಾನು ಪೇಟೆಗೆ ಹೋದಾಗಲೆಲ್ಲ ಪಾಂಡು ಮಾಮ ಸ್ಟುಡಿಯೋ ಬಾಗಿಲಿಂದಲೇ ಕೇಳುತ್ತಿದ್ದರು: “ಕೈ ಅಲ್ಲೇ ಅದ್ಯಾ?”

“ಅದೆ, ಮಾಮ.”

ಈ ಮಳೆಗಾಲ ಕಳೆದ ಮೇಲೆ ಅವರು ತೀರಿಕೊಂಡರು. ಅವರ ಮನೆಗೆ ಹೋದೆ. ಊರವರದೆಲ್ಲ ಫೋಟೋ ತೆಗೆದ ಮನುಷ್ಯನದೇ ಒಂದು ಬಿಡಿ ಫೋಟೋ ಮನೆಯವರಿಗೆ ಸಿಕ್ಕಿರಲಿಲ್ಲವಂತೆ. ಯಾವುದೋ ಮದುವೆಯ ಗುಂಪಿನಿಂದ ಮುಖ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಹೆಗಲ ಮೇಲೆ ಪಕ್ಕದಲ್ಲಿ ನಿಂತವರ ಬೆರಳುಗಳು ಉಳಿದುಕೊಂಡಿದ್ದವು. ಯಾರದೆಂದು ಕೇಳಿದೆ. ಯಾರಿಗೂ ತಿಳಿದಿರಲಿಲ್ಲ.

ಹಾರ ಜಾರಿ ಆ ಬೆರಳುಗಳನ್ನು ಅರ್ಧ ಮುಚ್ಚಿತ್ತು. ಸ್ವಲ್ಪ ಸರಿಸಿಟ್ಟು ಬಂದೆ.