ಎಂಟನೆಯ ಹೆಸರು

ಜಯನಗರದ ಬದರಿನಾಥರಿಗೆ ಎರಡು ಹೆಮ್ಮೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೆಂಗಳೂರಿನ ವಾಲಿಬಾಲ್ ಲೀಗ್ ತಂಡಕ್ಕೆ ಮ್ಯಾನೇಜರ್ ಆದದ್ದು ಒಂದು. ತಮ್ಮ ಅಂದಾಜು ತಪ್ಪುವುದೇ ಇಲ್ಲ ಎಂಬುದು ಇನ್ನೊಂದು. ಎರಡನೆಯದು ಈ ವರ್ಷ ಮಣ್ಣುಪಾಲಾಯಿತು.

ಲೀಗಿಗೆ ಗುವಾಹಟಿಯ ಹೊಸ ತಂಡ ಸೇರುವುದಿತ್ತು. ಹೊಸಬರಿಗೆ ಆಟಗಾರರು ಆಕಾಶದಿಂದ ಉದುರುವುದಿಲ್ಲವಲ್ಲ, ಹಳೆಯ ತಂಡಗಳೇ ಕೊಡಬೇಕು. ಪ್ರತಿ ತಂಡವೂ ತಾನು ಬಿಟ್ಟುಕೊಡದ ಎಂಟು ಹೆಸರು ಬರೆದು ಕಳಿಸಬೇಕು. ಮಿಕ್ಕವರಲ್ಲಿ ಒಬ್ಬನನ್ನು ಹೊಸಬರು ಆರಿಸಿಕೊಳ್ಳುತ್ತಾರೆ.

ಏಳು ಹೆಸರು ಸಲೀಸಾಗಿ ಬಂದವು. ಎಂಟನೆಯದಕ್ಕೆ ಪೆನ್ನು ನಿಂತಿತು. ಹತ್ತೊಂಬತ್ತರ ಆಶ್ರಿತನೋ, ಮೂವತ್ತನಾಲ್ಕರ ಸಿದ್ದಾರೂಢನೋ? ಬಾಗಲಕೋಟೆ ಕಡೆಯ ಸಿದ್ದಾರೂಢ ಏಳು ವರ್ಷದಿಂದ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದು, ಹೊಡೆಯುವವರಿಗೆ ಚೆಂಡು ಎತ್ತಿಕೊಡುತ್ತಿದ್ದವನು. ಈಗ ಮಂಡಿನೋವು. ಹೆಂಡತಿ ಅನ್ನಪೂರ್ಣ ಐದು ತಿಂಗಳ ಬಸುರಿ; ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. "ಈ ಸಲ ನಾ ಆಕಿ ಜೋಡಿ ಇರಬೇಕ್ರೀ ಸರ್" ಎಂದು ಅವನು ಕೇಳಿಕೊಂಡಾಗ, "ನೀನು ನಮ್ಮನೆಯವನಪ್ಪಾ, ನಿನ್ನ ಯಾರು ಕಳಿಸ್ತಾರೆ?" ಎಂದು ಬೆನ್ನು ತಟ್ಟಿದವರು ಇದೇ ಬದರಿನಾಥರು.

ಊರಿಗೆಲ್ಲ ಮದುವೆ ಕರೆಯೋಲೆ ಹಂಚಿ, ಒಡಹುಟ್ಟಿದ ತಮ್ಮನನ್ನು ಮಾತ್ರ ಮನೆಯವನೇ ತಾನೆ ಎಂದು ಕರೆಯದೆ ಬಿಡುವ ಯಜಮಾನರಿದ್ದಾರಲ್ಲ, ಬದರಿನಾಥರದೂ ಅದೇ ಜಾಯಮಾನ. ಆಶ್ರಿತನನ್ನು ಬಿಟ್ಟರೆ ಎಗರಿಸಿಕೊಂಡು ಹೋಗುತ್ತಾರೆ, ಮಂಡಿನೋವಿನವನನ್ನು ಯಾರು ಮುಟ್ಟುತ್ತಾರೆ ಎಂದುಕೊಂಡು ಆಶ್ರಿತನ ಹೆಸರು ಬರೆದರು.

"ಸಿದ್ದಾರೂಢಂಗೆ ಒಂದು ಮಾತು ಹೇಳಿದ್ರಾ?" ಎಂದರು ಹೆಂಡತಿ ಸೀತಮ್ಮ.

"ಮನೆಯವನಿಗೆ ಏನೇ ಹೇಳೋದು? ಸುಮ್ನೆ ಗಾಬರಿ ಆಗ್ತಾನೆ."

ಎಳೆಯರೇ ತುಂಬಿದ ಹೊಸ ತಂಡಕ್ಕೆ ಪಳಗಿದ ಕೈ ಒಂದು ಬೇಕೇ ಬೇಕು. ತಮ್ಮ ತಂಡ ಹುಟ್ಟಿದಾಗ ತಾವೂ ಅಂಥವನನ್ನೇ ಹುಡುಕಿ ತಂದವರು ಬದರಿನಾಥರು. ಅದು ನೆನಪಾಗಬೇಕಿತ್ತು, ಆಗಲಿಲ್ಲ. ಎರಡು ತಿಂಗಳ ಮೇಲೆ ಗುವಾಹಟಿಯವರು ಮೊದಲು ಕೂಗಿದ್ದೇ ಸಿದ್ದಾರೂಢನ ಹೆಸರು. ಒಪ್ಪದಿದ್ದರೆ ವರ್ಷವಿಡೀ ಆಟವಿಲ್ಲ. ಆ ವಯಸ್ಸಿನಲ್ಲಿ ಒಂದು ವರ್ಷ ಕೂತರೆ ಮತ್ತೆ ಕರೆಯುವವರಿಲ್ಲ.

ಮರುದಿನ ಬೆಳಿಗ್ಗೆ ಬದರಿನಾಥರು ಬಿಟಿಎಂಗೆ ಹೋದರು. ಅನ್ನಪೂರ್ಣ ನೀರು ಕೊಟ್ಟು, ಗಂಡನ ಬಟ್ಟೆ ಮಡಚುತ್ತಾ ಕುಳಿತಳು.

"ತಪ್ಪಾಯ್ತಪ್ಪಾ. ನಿನ್ನ ಯಾರೂ ತಗೊಳ್ಳಲ್ಲ ಅಂದ್ಕೊಂಡ್ಬಿಟ್ಟೆ."

ಅಂದ ಮೇಲೆ ಆ ಮಾತು ಎಂಥದೆಂದು ಅವರಿಗೇ ಕೇಳಿಸಿತು. ಸಿದ್ದಾರೂಢ ಸಿಟ್ಟಾಗಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆಶ್ರಿತನ್ನ ಇಟ್ಕೊಂಡಿದ್ದು ಬರೋಬ್ಬರಿ ಐತ್ರೀ ಸರ್. ಕೇಳಿದ್ರ ನಾನೂ ಹೂಂ ಅಂತಿದ್ದೆ. ಆವಾಗ್ಲೇ ಈಕಿನ್ನ ತವರಿಗೆ ಬಿಟ್ಟು ಬರ್ತಿದ್ದೆ. ಈಗ ಡಾಕ್ಟ್ರು ಪ್ರಯಾಣ ಬ್ಯಾಡ ಅಂದಾರ. ಅಲ್ಲಿಂದ ಬರೋರೂ ಯಾರಿಲ್ಲ."

ಬದರಿನಾಥರು ಮುಂದಕ್ಕೆ ಬಾಗಿದರು. "ನಮ್ಮನೇಲಿ ಇರ್ಲಿ ಕಣಪ್ಪಾ. ಸೀತಾ ನೋಡ್ಕೋತಾಳೆ. ಇವಳೂ ನಮ್ಮನೆಯವಳೇ ಅಲ್ವಾ?"

ಅನ್ನಪೂರ್ಣ ಆಗ ತಲೆ ಎತ್ತಿದಳು.

"ಬ್ಯಾಡ್ರೀ. ಬಾಜೂ ಮನಿ ತಂಗೆವ್ವ ಬಂದು ಮಲಗ್ತೀನಿ ಅಂದಾಳ. ಆಕಿ ಹೊರಗಿನಾಕೀನ ಖರೆ, ಆದ್ರ ಏನ ಮಾಡೂದಿದ್ರೂ ಮೊದಲ ನನ್ನ ಕೇಳ್ತಾಳ."