ತೆಂಗಿನ ಮರದ ಮೇಲೆ ನನ್ನ ಏಲಂ

ಮದುವೆಯಾಗಿ ಗುರುವಾಯನಕೆರೆಗೆ ಬಂದ ಮೇಲೆ ನಾನು ಹತ್ತಿದ್ದರಲ್ಲಿ ಎತ್ತರದ್ದೆಂದರೆ ಅಡುಗೆಮನೆಯ ಸ್ಟೂಲು. ಅಂಥವಳನ್ನು ತೆಂಗಿನ ಮರ ಹತ್ತಿಸಿದ್ದು ನನ್ನ ಗೆಳತಿ.

ಮೂಡುಬಿದಿರೆಯ ಕಾನ್ವೆಂಟಿನಲ್ಲಿ ನಾವು ಒಂದೇ ಬೆಂಚಿನವರು. ಸಿಸ್ಟರು ಹೇಳಿಕೊಟ್ಟಂತೆ ನಾನು ಕಾಲು ಜೋಡಿಸಿ ಕೂರುತ್ತಿದ್ದೆ. ಅವಳು ನನ್ನ ಜಡೆಯ ರಿಬ್ಬನನ್ನು ಬೆಂಚಿಗೆ ಕಟ್ಟುತ್ತಿದ್ದಳು. ಮುಂದೆ ಬೆಳ್ತಂಗಡಿಯಲ್ಲಿ ಟೀಚರಾದಳು. ಒಂದು ಬೆಳಿಗ್ಗೆ ಗಂಡನ ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು ಶಾಲೆಗೆ ಹೋಗುತ್ತಿದ್ದಾಗ, ರಸ್ತೆಯ ಗುಂಡಿಯೊಂದು ಅವಳನ್ನು ಎತ್ತಿ ಹಾಕಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಬಲ ಹೋಯಿತು. ನೋಡಲು ಹೋದವರಿಗೆಲ್ಲ, "ಇವರಿಗೆ ಮೊಣಕೈ ತರಚಿದೆ ಪಾಪ, ಮೊದಲು ಅವರನ್ನು ವಿಚಾರಿಸಿ" ಎಂದು ಗಂಡನನ್ನು ತೋರಿಸುತ್ತಿದ್ದಳು.

ಇಂಥ ಪೆಟ್ಟಾದವರಿಗೆ ವಾರಕ್ಕೊಮ್ಮೆ ವ್ಯಾಯಾಮ ಮಾಡಿಸುವ ಏರ್ಪಾಡೊಂದನ್ನು ಬಂಟ್ವಾಳದಲ್ಲಿ ಕೆಲವರು ಸೇರಿ ಮಾಡಿದ್ದರು. ಕಕ್ಕಿಂಜೆಯಿಂದ ಹೊರಟ ಬಾಡಿಗೆ ವ್ಯಾನೊಂದು ದಾರಿಯುದ್ದಕ್ಕೂ ಇಂಥವರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಗೆಳತಿ ಅಲ್ಲಿ ಆಸರೆಯಿಲ್ಲದೆ ನೆಟ್ಟಗೆ ಕೂರುವುದನ್ನು ಕಲಿಯುತ್ತಿದ್ದಳು. ಅಷ್ಟು ಸಾಧಿಸಿದರೆ ಮತ್ತೆ ಮಕ್ಕಳ ಮುಂದೆ ಕೂತು ಪಾಠ ಮಾಡಬಹುದೆಂಬುದು ಅವಳ ಆಸೆ. ಅಷ್ಟರಲ್ಲಿ ದುಡ್ಡು ಖಾಲಿಯಾಯಿತು. ಮುಂದಿನ ತಿಂಗಳಿಂದ ವ್ಯಾನಿಲ್ಲ ಎಂದರು.

ಉಪ್ಪಿನಕಾಯಿ ಮಾಡಿ ಮಾರುವ ಎಂದೆ ನಾನು.

"ನಿನ್ನ ಉಪ್ಪಿನಕಾಯಿಯಿಂದ ವ್ಯಾನಿನ ಒಂದು ಟಯರು ಬಂದೀತು ಮಾರಾಯ್ತಿ. ನೀನು ತೆಂಗಿನ ಮರ ಹತ್ತು. ಅದನ್ನು ನೋಡ್ಲಿಕ್ಕೆ ಜನ ದುಡ್ಡು ಕೊಡ್ತಾರೆ."

ತಮಾಷೆ ಎಂದುಕೊಂಡೆ. ಆದರೆ ಕಾಲಿಟ್ಟು ತುಳಿಯುತ್ತ ಮೇಲೇರುವ ಯಂತ್ರ ಆಗಷ್ಟೇ ಊರಿಗೆ ಬಂದಿತ್ತು. ನಡುವಿಗೆ ಬೆಲ್ಟು ಬೇರೆ ಇದ್ದುದರಿಂದ ಬೀಳುವ ಭಯವಿಲ್ಲ ಎಂದು ಅದನ್ನು ಕಲಿಸುವವರು ಹೇಳಿದರು. ಹಿತ್ತಿಲ ಗಿಡ್ಡ ಮರದಲ್ಲಿ ಕೆಲವು ದಿನ ಅಭ್ಯಾಸ ಮಾಡಿದೆ. ಆಮೇಲೆ ಅಂಗಳದ ಮರ, ಅದು ಗಿಡ್ಡವಲ್ಲ. ಅದರ ತುದಿ ಮುಟ್ಟಿದರೆ ಇಂತಿಷ್ಟು ಕೊಡುತ್ತೇವೆಂದು ನಮ್ಮವರೂ ನೆರೆಯವರೂ ಮಾತು ಕೊಟ್ಟು, ಒಂದು ಭಾನುವಾರ ಗೆಳತಿಯೊಂದಿಗೆ ಅಂಗಳದಲ್ಲಿ ಸೇರಿದರು.

ಆ ಭಾನುವಾರ ಮಗನ ಟ್ರ್ಯಾಕ್ ಪ್ಯಾಂಟು, ನಮ್ಮವರ ತುಂಬುತೋಳಿನ ಅಂಗಿ ತೊಟ್ಟು ಹೊರಗೆ ಬಂದಾಗ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೂ ಒಂದು ಮುಡಿದುಕೋ ಮಗಾ, ಹೆಂಗಸು ಅಂತ ಗೊತ್ತಾಗ್ಲಿ" ಎಂದರು.

ಅರ್ಧ ಮರದವರೆಗೆ ಸಲೀಸಾಗಿ ಹೋದೆ. ಅಲ್ಲಿ ಕೆಳಗೆ ನೋಡಿದ್ದು ತಪ್ಪಾಯಿತು. ನಮ್ಮವರ ತಲೆಯ ನಡುವಿನ ಬೊಕ್ಕ ನಾನು ತಿಳಿದದ್ದಕ್ಕಿಂತ ದೊಡ್ಡದಿತ್ತು. ತುಳಿಯುವುದನ್ನು ಬಿಟ್ಟು ಎರಡೂ ಕೈಯಲ್ಲಿ ಮರವನ್ನು ತಬ್ಬಿದೆ; ಯಂತ್ರ ಕಟಕಟ ಎನ್ನತೊಡಗಿತು.

"ಸಾಕು, ಇಳಿ ಮಾರಾಯ್ತಿ! ಐನೂರು ಹೇಳಿದ್ದೆ, ಸಾವಿರ ಕೊಡ್ತೇನೆ. ಇಳಿ!" ಎಂದು ನಮ್ಮವರು ಕೂಗಿದರು. ಚೌಕಾಸಿ ಮಾಡದೆ ಸೊಪ್ಪಿನ ಕಟ್ಟನ್ನೂ ಕೊಳ್ಳದವರು!

"ಇಳಿಯಬೇಡ!" ಗೆಳತಿ ಗಾಲಿಕುರ್ಚಿಯಿಂದ ಕೂಗಿದಳು. "ಕಾಕ, ಏಲಂ ಕೂಗಿ!"

ಕಾಕ ಎಂದರೆ ನಮ್ಮ ಮನೆಯೆದುರಿನ ಅಂಗಡಿಯ ಬ್ಯಾರಿಗಳು. ಮಸೀದಿಗೆ ಬಂದ ಹಲಸಿನ ಹಣ್ಣುಗಳನ್ನು ಏಲಂ ಹಾಕುವವರು ಅವರೇ. ಒಡನೆ ಗಂಟಲು ಸರಿಮಾಡಿಕೊಂಡರು. "ಅಕ್ಕ ಇಳಿಯಲಿಕ್ಕೆ ಸಾವಿರ ಉಂಟು! ಹತ್ತಲಿಕ್ಕೆ ಎಷ್ಟು?"

ಕುವೈತಿನಿಂದ ರಜೆಗೆ ಬಂದಿದ್ದ ಪಕ್ಕದ ಮನೆಯವರು, "ಹತ್ತಲಿಕ್ಕೆ ಎರಡು ಸಾವಿರ!" ಎಂದರು.

"ಇಳಿಯಲಿಕ್ಕೆ ಮೂರು!" ನಮ್ಮವರ ಸ್ವರ ಒಡೆದಿತ್ತು.

"ಹತ್ತಲಿಕ್ಕೆ ನಾಲ್ಕು!"

ಮರ ಅಪ್ಪಿಕೊಂಡು, ಕೆನ್ನೆಗೆ ತೊಗಟೆ ಒತ್ತಿಸಿಕೊಂಡು, ಹಲಸಿನ ಹಣ್ಣಿಗೂ ಹೀಗೇ ಅನಿಸುತ್ತದೋ ಏನೋ ಎಂದು ನಾನು ಯೋಚಿಸುತ್ತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅತ್ತೆ ಮಾತ್ರ, "ಹೇಗೂ ಹೋಗಿದ್ದಾಳೆ, ಆ ಒಣ ಮಡಲನ್ನೂ ಎಳೆದು ಹಾಕಲಿ" ಎಂದರು.

"ಇಳಿಯಲಿಕ್ಕೆ ಐದು ಸಾವಿರ!" ಎಂದರು ನಮ್ಮವರು.

"ಐದು ಸಾವಿರ, ಒಂದು ಸಲ... ಎರಡು ಸಲ..."

"ನಿಲ್ಲಿ ಕಾಕ," ಎಂದಳು ಗೆಳತಿ. "ಪೂರ್ತಿ ಹತ್ತದೆ ಪೂರ್ತಿ ಇಳಿಯುವುದು ಹೇಗೆ? ಎರಡನ್ನೂ ಬರೆದುಕೊಳ್ಳಿ."

ಮಾತು ಹಾಗಿದ್ದರೂ ಅವಳ ಎರಡೂ ಕೈ ಚಕ್ರಗಳನ್ನು ಬಿಗಿಯಾಗಿ ಹಿಡಿದಿದ್ದವು. ಓಡಿ ಬಂದು ನನ್ನನ್ನು ಹಿಡಿಯುವವಳ ಹಾಗೆ ಮುಂದಕ್ಕೆ ಬಾಗಿದ್ದಳು. ಬಂಟ್ವಾಳದವರು ಅವಳಿಗೆ ಕಲಿಸಿದ್ದನ್ನು ಅವಳು ಆಗ ಮಾಡುತ್ತಿದ್ದಳು: ಬೆನ್ನು ಕುರ್ಚಿಗೆ ತಾಗಿರಲಿಲ್ಲ. ಅದನ್ನು ಅವಳು ಗಮನಿಸಿರಲಿಲ್ಲ; ಮೇಲಿದ್ದ ನನಗೆ ಕಂಡಿತು.

ಎಡಗಾಲು ಎತ್ತಿದೆ. ಆಮೇಲೆ ಬಲಗಾಲು. ತುದಿ ಮುಟ್ಟಿ, ಅತ್ತೆ ಹೇಳಿದ ಒಣಗರಿಯ ಮಡಲನ್ನೂ ಎಳೆದು ಹಾಕಿಯೇ ಇಳಿದೆ.

ಎರಡೂ ಕಡೆಯವರು ದುಡ್ಡು ಕೊಟ್ಟರು, ಒಬ್ಬರಿಗೊಬ್ಬರು ಕಡಿಮೆಯಾಗಬಾರದಲ್ಲ! ನೋಡಿದವರೂ ಕೈಲಾದಷ್ಟು ಸೇರಿಸಿದರು. ವ್ಯಾನು ನಿಲ್ಲಲಿಲ್ಲ.

ಆ ವಾರ ನಾನೂ ಜೊತೆಗೆ ಹೋದೆ. ಬಂಟ್ವಾಳದಲ್ಲಿ ಗೆಳತಿಯ ಕುರ್ಚಿಯನ್ನು ಹಲಗೆಯ ಮೇಲಿಂದ ಸರಾಗವಾಗಿ ಇಳಿಸಿದರು. ತೊಡೆ ಮರಗಟ್ಟಿದ್ದ ನನ್ನನ್ನು ಇಳಿಸಲು ಇಬ್ಬರು ಬೇಕಾಯಿತು. ವ್ಯಾಯಾಮ ಮಾಡಿಸಲು ಹೊಸದಾಗಿ ಬಂದಿದ್ದ ಹುಡುಗಿ ನಮ್ಮಿಬ್ಬರನ್ನೂ ನೋಡಿ ಗೊಂದಲಕ್ಕೆ ಬಿದ್ದಳು.

"ಪೇಶೆಂಟು ಯಾರು?"

"ಇಬ್ಬರೂ," ಎಂದಳು ಗೆಳತಿ. "ನಾನು ಬಿದ್ದದ್ದು, ಇವಳು ಹತ್ತಿದ್ದು."